ಮುಳ್ಳುಮೊಗ್ಗು ತಿಂದ ನಾಲಿಗೆ

ನಾನು ಯಾರನ್ನೂ ಸುಮ್ಮಸುಮ್ಮನೆ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂರು ಹಾಸಿಗೆಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು ನಾನು. ಹಾಲಿನವನನ್ನು ನಂಬಿದರೆ ಬಿಳಿ ನೀರು ಅಳೆದು ಹೋಗುತ್ತಾನೆ. ತರಕಾರಿಯವನನ್ನು ನಂಬಿದರೆ ಬುಟ್ಟಿಯ ಮೇಲೆ ಕೆಂಪು ಟೊಮೆಟೊ ಜೋಡಿಸಿ ಕೆಳಗೆ ಕೊಳೆತದ್ದನ್ನು ತುಂಬಿರುತ್ತಾನೆ. ನನ್ನ ಸ್ವಂತ ಮೈದುನನನ್ನೇ ನಾನು ನಂಬುವುದಿಲ್ಲ. ಅದೇ ಅಡುಗೆಮನೆಯಲ್ಲಿ ಊಟದ ಗಾಡಿ ತಳ್ಳುವ ಅವನ ಕೈಗೆ ಬೇಯಿಸಿದ ಮೊಟ್ಟೆಗಳನ್ನು ಎಣಿಸಿ ಕೊಡುತ್ತೇನೆ, ವಾರ್ಡಿನಲ್ಲಿ ಎಣಿಸಿ ಇಳಿಸಿಕೊಳ್ಳಿ ಎಂದು ಚೀಟಿಯನ್ನೂ ಇಡುತ್ತೇನೆ. "ಅತ್ತಿಗೇ, ನಾನೇನು ಮೊಟ್ಟೆ ಕಳ್ಳನಾ?" ಎಂದು ಅವನು ಮುಖ ಊದಿಸುತ್ತಾನೆ. ಊದಿಸಿಕೊಳ್ಳಲಿ. ಮೊಟ್ಟೆಯಂತೂ ಲೆಕ್ಕಕ್ಕೆ ಸರಿಯಾಗಿ ವಾರ್ಡು ಸೇರುತ್ತದೆ.

ಅಲ್ಲಿ ಎಲ್ಲರೂ ನನ್ನನ್ನು ದೊಡ್ಡಕ್ಕ ಎನ್ನುತ್ತಾರೆ. ಬಾಗಿಲು ದಾಟುವ ಮುನ್ನ ಪ್ರತಿ ಪಾತ್ರೆಯ ರುಚಿ ನೋಡುವುದು ನನ್ನ ಕೆಲಸವಾಗಿತ್ತು. ನೀಲಿ ಮುಚ್ಚಳದ ಪಾತ್ರೆ ಉಪ್ಪು ತಿನ್ನಬಾರದವರದ್ದು, ಹಳದಿ ಮುಚ್ಚಳದ್ದು ಸಕ್ಕರೆ ಕಾಯಿಲೆಯವರದ್ದು, ಬಿಳಿಯದ್ದು ಉಳಿದವರದ್ದು. ಒಂದೊಂದು ಪಾತ್ರೆಗೂ ಮೊದಲು ಬಾಯಿ ಮುಕ್ಕಳಿಸಬೇಕು, ಒಂದು ಚಮಚ ನಾಲಿಗೆಗೆ ಹಾಕಿಕೊಳ್ಳಬೇಕು, ಕಣ್ಣು ಮುಚ್ಚಿ ನಿಲ್ಲಬೇಕು. ಆಮೇಲೆ ನಾನು ಕೈ ಆಡಿಸಿದರೆ ಮಾತ್ರ ಗಾಡಿ ಹೊರಡುತ್ತಿತ್ತು. ಬಾಯಿ ಮುಕ್ಕಳಿಸುವ ಕಟ್ಟಳೆ ನಾನೇ ಮಾಡಿದ್ದು. ನನ್ನ ನಾಲಿಗೆ ಬೇಡ ಎಂದರೆ ದೊಡ್ಡ ಡಾಕ್ಟರು ಬಂದು ಹೇಳಿದರೂ ಆ ಪಾತ್ರೆ ಅಲುಗುತ್ತಿರಲಿಲ್ಲ. ನಮ್ಮವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಮನೆಯಲ್ಲಿ ಕೂತು ಮಾತಾಡುವುದೇ ಅವರಿಗೀಗ ಕೆಲಸ. "ರುಚಿ ನೋಡೋದಕ್ಕೂ ಬಯ್ಯೋದಕ್ಕೂ ಒಂದೇ ನಾಲಿಗೆ ಇಟ್ಕೊಂಡಿದೀಯಲ್ಲೇ, ಅದಕ್ಕೆ ಒಂದು ದಿನ ರಜೆ ಕೊಡೇ ಮಾರಾಯ್ತಿ" ಎನ್ನುತ್ತಿದ್ದರು. ನಾನು ಆ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಸೂಪರಿಂಟೆಂಡೆಂಟ್ ಸಾಹೇಬರು ಒಬ್ಬಳನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು. "ದೊಡ್ಡಕ್ಕಾ, ನಿಮಗೂ ವಯಸ್ಸಾಗ್ತಾ ಬಂತು. ಈಕೆ ಹೋಟೆಲ್ ಅಡುಗೆಮನೇಲಿ ಕೆಲಸ ಮಾಡಿದವಳು. ನಿಮ್ಮ ಕೆಲಸ ಕಲಿಸಿಕೊಡಿ. ಮೂರು ತಿಂಗಳು ನೋಡೋಣ, ಸರಿಹೋದ್ರೆ ಕಾಯಂ ಮಾಡೋಣ" ಎಂದರು. ಮೂವತ್ತರ ಆಸುಪಾಸಿನ, ಸಣಕಲು ಮೈಯ, ಮೆಲುಮಾತಿನ ಹೆಣ್ಣು. ಗೋಡೆಗೆ ಬಣ್ಣ ಬಳಿಯುವ ಗಂಡ ಏಣಿಯಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾನೆ, ಇವಳ ಸಂಬಳದಲ್ಲೇ ಒಲೆ ಉರಿಯಬೇಕು ಎಂದು ಮೈದುನ ಮೊದಲ ವಾರವೇ ವರದಿ ತಂದ. ಅಯ್ಯೋ ಪಾಪ ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಕನಿಕರ ಬೇರೆ, ನಂಬಿಕೆ ಬೇರೆ.

ನಾನು ಅವಳನ್ನು ಹೊಸಬಳು ಎಂದೇ ಕರೆದೆ, ಮೂರು ತಿಂಗಳಾದರೂ ಹೊಸಬಳೇ. ಏನು ಹೇಳಿದರೂ "ಸರಿ ದೊಡ್ಡಕ್ಕಾ" ಎನ್ನುತ್ತಿದ್ದಳು. ಬಯ್ದರೂ "ಸರಿ ದೊಡ್ಡಕ್ಕಾ." ಬಯ್ದಾಗ ತಿರುಗಿ ಒಂದು ಮಾತೂ ಆಡದವರನ್ನು ಕಂಡರೆ ನನಗೆ ಭಯ. ಒಳಗೆ ಏನು ಕುದಿಯುತ್ತಿದೆಯೋ ಯಾರಿಗೆ ಗೊತ್ತು? ನಾನು ರುಚಿ ನೋಡಿದ ಮೇಲೆ ಅವಳೂ ತನ್ನ ಚಮಚದಲ್ಲಿ ನೋಡುತ್ತಿದ್ದಳು. ಕಲಿಯಲಿಕ್ಕೆ ಎಂದು ಎಲ್ಲರೂ ಅಂದುಕೊಂಡರು. ನನ್ನ ತಪ್ಪು ಹಿಡಿಯಲಿಕ್ಕೆ ಎಂದು ನಾನು ಅಂದುಕೊಂಡೆ. ನನ್ನ ಜಾಗಕ್ಕೆ ಬಂದವಳ ಮೇಲೆ ಕಣ್ಣಿಡದೆ ಬಿಡಲು ನಾನೇನು ದೇವರೇ? ಸಕ್ಕರೆ ತೆಗೆದಾಗಲೆಲ್ಲ ಡಬ್ಬಿಯ ಹೊರಗೆ ಉಳಿದ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಹೊಸ ಗೀಟು ಎಳೆದಿಟ್ಟೆ, ಎಣ್ಣೆಯ ಕ್ಯಾನಿಗೂ ಹಾಗೇ ಎಳೆದೆ. ಮೂರು ತಿಂಗಳಲ್ಲಿ ಒಂದು ಗೀಟೂ ಹೆಚ್ಚು ಕಡಿಮೆ ಆಗಲಿಲ್ಲ. ಬಲು ಹುಷಾರಿ ಎಂದುಕೊಂಡೆ.

ಅವಳ ಮೂರು ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಒಂದು ಬುಟ್ಟಿ ಬಂತು.

ಗುಣವಾಗಿ ಮನೆಗೆ ಹೋದ ರೋಗಿಯೊಬ್ಬರು ತಮ್ಮ ತೋಟದಿಂದ ಕಳಿಸಿದ್ದು. ಒಳಗೆ ಮುಷ್ಟಿ ಗಾತ್ರದ ಹಸಿರು ಮೊಗ್ಗುಗಳು, ಇಪ್ಪತ್ತೈದೋ ಮೂವತ್ತೋ. ಒಂದರ ಮೇಲೊಂದು ದಪ್ಪ ಎಸಳು, ಎಸಳಿನ ತುದಿಗೊಂದು ಮುಳ್ಳು. ಚೀಟಿಯಲ್ಲಿ "ಆರ್ಟಿಚೋಕ್. ಅಡುಗೆಮನೆಯವರಿಗೆ ಪ್ರೀತಿಯಿಂದ" ಎಂದು ಬರೆದಿತ್ತು. ಮೈದುನ ಒಂದನ್ನು ಎತ್ತಲು ಹೋಗಿ ಬೆರಳು ಚುಚ್ಚಿಸಿಕೊಂಡ.

"ಇದೆಂಥ ಪ್ರೀತಿ ಅತ್ತಿಗೇ, ಮುಳ್ಳುಮೊಗ್ಗು!"

"ಹೊರಗಿಡು ಅದನ್ನ. ಯಾವತ್ತೂ ಹೆಸರು ಕೇಳಿಲ್ಲದ್ದು ನನ್ನ ಅಡುಗೆಮನೇಲಿ ಬೇಡ" ಎಂದೆ.

ಆಗ ಹೊಸಬಳು ಬಾಯಿ ಬಿಟ್ಟಳು. ಕೇಳದೆಯೇ ಅವಳು ಮಾತಾಡಿದ್ದು ಅದೇ ಮೊದಲು. "ಬೇಡ ದೊಡ್ಡಕ್ಕಾ, ಬಿಸಾಕಬೇಡಿ. ಇದು ತುಂಬಾ ಸುಲಭ. ಹೋಟೆಲಲ್ಲಿ ನಾನೇ ಮಾಡ್ತಿದ್ದೆ. ನಿಂಬೆಹಣ್ಣು, ಉಪ್ಪು, ಬೆಳ್ಳುಳ್ಳಿ, ಒಂಚೂರು ಎಣ್ಣೆ ಇದ್ರೆ ಸಾಕು. ಒಂದಾರು ಮಾಡಿ ತೋರಿಸ್ಲಾ? ನೀವು ರುಚಿ ನೋಡಿ, ಇಷ್ಟ ಆದ್ರೆ ಮಿಕ್ಕಿದ್ದು ನಾಳೆ ಮಾಡೋಣ."

ಅವಳ ಮುಖ ಬೆಳಗಿತ್ತು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳು ಈ ಮುಖವನ್ನು ಎಂದು ನನಗೆ ಅನುಮಾನವೇ ಬಂತು. ಮಾಡು ಎಂದೆ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ.

ಗರಗಸದಂಥ ಹಲ್ಲಿನ ಚಾಕು ತೆಗೆದುಕೊಂಡು ಮೊಗ್ಗಿನ ತಲೆಯನ್ನು ಮೂರರಲ್ಲಿ ಒಂದು ಪಾಲಿನಷ್ಟು ಕತ್ತರಿಸಿ ಎಸೆದಳು. ಬುಡದ ಗಡಸು ಎಸಳುಗಳನ್ನು ಕೈಯಲ್ಲೇ ಹಿಂದಕ್ಕೆ ಬಗ್ಗಿಸಿ ಕಿತ್ತಳು. ಉಳಿದ ಎಸಳುಗಳ ಮುಳ್ಳನ್ನು ಕತ್ತರಿಯಲ್ಲಿ ಕತ್ತರಿಸಿದಳು. ತೊಟ್ಟಿನ ಸಿಪ್ಪೆ ಹೆರೆದಳು. ಕತ್ತರಿಸಿದ ಕಡೆಗೆಲ್ಲ ತಕ್ಷಣ ನಿಂಬೆಹಣ್ಣಿನ ಹೋಳು ಉಜ್ಜಿ ನಿಂಬೆ ಹಿಂಡಿದ ನೀರಿಗೆ ಹಾಕಿದಳು.

"ನಿಂಬೆ ಯಾಕೆ? ಏನನ್ನ ಮುಚ್ಚಿಡೋಕೆ?" ಎಂದೆ.

"ಮುಚ್ಚಿಡೋಕಲ್ಲ ದೊಡ್ಡಕ್ಕಾ. ಇಲ್ಲಾಂದ್ರೆ ಕಪ್ಪಾಗುತ್ತೆ."

ಪರೀಕ್ಷೆ ಮಾಡೋಣವೆಂದು ನಾನೊಂದು ಹೋಳನ್ನು ನಿಂಬೆ ತಾಗಿಸದೆ ಇಟ್ಟುಕೊಂಡೆ. ನೋಡನೋಡುತ್ತ ಕಂದಿ ಮಸಿ ಬಣ್ಣಕ್ಕೆ ತಿರುಗಿತು. ಅವಳ ಬೆರಳುಗಳೂ ಕಂದುಗಟ್ಟಿದ್ದವು. ನನ್ನ ಬೆರಳಿಗೆ ಹತ್ತಿದ ರಸವನ್ನು ನೆಕ್ಕಿ ನೋಡಿದರೆ ಥೂ, ಕಹಿ ವಿಷ! ಬೇಯಿಸಲು ಅಲ್ಯೂಮಿನಿಯಂ ಪಾತ್ರೆ ಕೊಟ್ಟರೆ "ಅದು ಬೇಡ, ಬಣ್ಣ ಕೆಡುತ್ತೆ, ಸ್ಟೀಲಿಂದು ಕೊಡಿ" ಎಂದಳು. ಮುಟ್ಟಿದರೆ ಕಪ್ಪಾಗುವ, ನೆಕ್ಕಿದರೆ ಕಹಿಯಾಗುವ, ಪಾತ್ರೆಯನ್ನೂ ಆರಿಸುವ ತರಕಾರಿಯನ್ನು ರೋಗಿಗಳಿಗೆ ಕೊಡಬೇಕಂತೆ.

ಉಪ್ಪು ಹಾಕಿದ ನೀರು ಕುದಿ ಬಂದ ಮೇಲೆ ಮೊಗ್ಗುಗಳನ್ನು ತಲೆಕೆಳಗು ಮಾಡಿ ಹಾಕಿದಳು. ತೇಲಬಾರದೆಂದು ಮೇಲೊಂದು ತಟ್ಟೆ ಹೇರಿದಳು. ಅರ್ಧ ಗಂಟೆ ಬೇಯಿಸಿ, ನಡುವಿನ ಒಂದು ಎಸಳನ್ನು ಹಿಡಿದು ಎಳೆದಳು. ಅದು ತಕರಾರಿಲ್ಲದೆ ಕೈಗೆ ಬಂತು. "ಹೀಗೆ ಬಂದ್ರೆ ಬೆಂದಿದೆ ಅಂತ ಅರ್ಥ. ಗಟ್ಟಿ ಹಿಡ್ಕೊಂಡಿದ್ರೆ ಇನ್ನೂ ಹತ್ತು ನಿಮಿಷ ಬಿಡಬೇಕು" ಎಂದಳು. ಬಸಿದ ನೀರು ಪಾಚಿ ಬಣ್ಣಕ್ಕೆ ತಿರುಗಿತ್ತು. ಮೊಗ್ಗನ್ನು ಎರಡು ಹೋಳು ಮಾಡಿದರೆ ನಟ್ಟನಡುವೆ ಬೆಕ್ಕಿನ ಮೈಯಂಥ ನವಿರು ಕೂದಲು. ಅದನ್ನು ಚಮಚದಲ್ಲಿ ಕೆರೆದು ತೆಗೆದಳು.

"ಇದನ್ನ ಮಾತ್ರ ತಿನ್ನಬಾರದು. ಗಂಟಲಿಗೆ ಸಿಕ್ಕಿಕೊಳ್ಳುತ್ತೆ."

"ಆಹಾ! ಗಂಟಲಿಗೆ ಸಿಕ್ಕಿಕೊಳ್ಳೋ ತರಕಾರಿ, ಅದೂ ಆಸ್ಪತ್ರೆಗೆ! ಚೆನ್ನಾಗಿದೆ ನಿನ್ನ ಯೋಚನೆ" ಎಂದೆ. ಮೈದುನ ಕಿಸಕ್ಕೆಂದ. ಅವಳು ತಲೆ ಎತ್ತಲಿಲ್ಲ. ಕೆಲವು ಹೋಳುಗಳನ್ನು ಹಾಗೇ ಬಿಟ್ಟು, ಕೆಲವನ್ನು ಕಾವಲಿಯ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ಕೊಯ್ದ ಮುಖ ಕೆಳಗಾಗಿ ಕೆಂಪಗೆ ಹುರಿದಳು. ಆ ಪರಿಮಳಕ್ಕೆ ಪಾತ್ರೆ ತೊಳೆಯುವ ಇಬ್ಬರು ಹಿತ್ತಲಿನ ನಲ್ಲಿಯಿಂದಲೇ ಕತ್ತು ಚಾಚಿದರು.

ತಿನ್ನುವ ಬಗೆಯನ್ನೂ ತೋರಿಸಿದಳು. ಎಸಳನ್ನು ಕಿತ್ತು, ನಿಂಬೆ, ಉಪ್ಪು, ಎಣ್ಣೆ ಕಲಸಿದ್ದರಲ್ಲಿ ಅದ್ದಿ, ಹಲ್ಲಿನ ನಡುವೆ ಎಳೆಯಬೇಕು. ಬುಡದ ಮೆತ್ತನೆಯ ಭಾಗ ಬಾಯಿಗೆ, ನಾರು ತಟ್ಟೆಗೆ. ಕೊನೆಗೆ ಅಡಿಯ ತಿರುಳು, ಅದೇ ನಿಜವಾದ ತರಕಾರಿ. ಬಾಯಿಗೆ ಹಾಕಿಕೊಂಡೆ. ಮೆತ್ತಗೆ, ಬೆಣ್ಣೆಯ ಹಾಗೆ. ಚೆನ್ನಾಗಿತ್ತು. ಇಷ್ಟು ವಕ್ರ ಇರುವ ವಸ್ತು ಇಷ್ಟು ಚೆನ್ನಾಗಿರಲು ಸಾಧ್ಯವೇ ಎಂದು ಇನ್ನೊಂದು ತಿಂದೆ. ಆಮೇಲೆ ಮತ್ತೊಂದು. ಮೈದುನನೂ ಎರಡು ಮುಗಿಸಿದ. ಹೊಸಬಳೂ ಒಂದು ತಿಂದಳು, ನಾನು ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಹನ್ನೊಂದೂವರೆಗೆ ಗಾಡಿ ಹೊರಡಬೇಕು, ನಾನು ಇನ್ನೂ ಒಂದು ಪಾತ್ರೆಯನ್ನೂ ಮುಟ್ಟಿರಲಿಲ್ಲ! ದಡಬಡಿಸಿ ಎದ್ದು ಹಳದಿ ಮುಚ್ಚಳ ಎತ್ತಿ ತರಕಾರಿ ಸೂಪು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬಾಯಿ ಮುಕ್ಕಳಿಸಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅದೊಂದು ದಿನ.

ಸೂಪು ಸಿಹಿಯಾಗಿತ್ತು.

ನಲವತ್ತು ಜನ ಸಕ್ಕರೆ ಕಾಯಿಲೆಯವರ ಸೂಪು, ಬೆಳಿಗ್ಗೆಯಿಂದ ಹೊಸಬಳೇ ಕುದಿಸಿದ್ದು. ಇನ್ನೊಂದು ಚಮಚ ಹಾಕಿಕೊಂಡೆ. ಸಿಹಿಯೇ. "ಏ, ಬಾ ಇಲ್ಲಿ! ಏನು ಹಾಕಿದೀಯ ಇದಕ್ಕೆ?" ಎಂದು ಕೂಗಿದೆ. ಅವಳು ಓಡಿ ಬಂದು ರುಚಿ ನೋಡಿದಳು. "ಏನಿಲ್ಲವಲ್ಲ ದೊಡ್ಡಕ್ಕಾ. ಉಪ್ಪು ಸರಿಯಾಗೇ ಇದೆ."

"ಉಪ್ಪಲ್ಲ! ಸಿಹಿ!"

ಇನ್ನೊಮ್ಮೆ ನೋಡಿದಳು. "ಇಲ್ಲ ದೊಡ್ಡಕ್ಕಾ, ಸಿಹಿ ಇಲ್ಲ."

ನನ್ನ ಮುಖಕ್ಕೆ ಮುಖ ಕೊಟ್ಟು, ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು! ಮೈದುನನ ಬಾಯಿಗೆ ಚಮಚ ತುರುಕಿದೆ. "ಅಯ್ಯಯ್ಯೋ, ಹೌದು ಅತ್ತಿಗೇ, ಸಿಹಿ ಇದೆ!" ಎಂದು ಅವನು ಕಣ್ಣರಳಿಸಿದ. ಸಕ್ಕರೆ ಡಬ್ಬಿಯ ಕಡೆ ಓಡಿದೆ. ನನ್ನ ಗೀಟಿಗಿಂತ ಎರಡು ಬೆರಳು ಕೆಳಗಿತ್ತು ಸಕ್ಕರೆ. ಇನ್ನೇನು ಬೇಕು? ಮೂರು ತಿಂಗಳು "ಸರಿ ದೊಡ್ಡಕ್ಕಾ" ಎಂದವಳು, ಕೆಲಸ ಕಾಯಂ ಆಗುವ ಹೊತ್ತಿಗೆ ನನ್ನ ಕೈಯಿಂದ ತಪ್ಪು ಮಾಡಿಸಿ ನನ್ನನ್ನು ಹೊರಗೆ ಹಾಕಿಸಲು ಹೊರಟಿದ್ದಾಳೆ. ಮೊಗ್ಗು ತಿನ್ನಿಸಿ ಹೊತ್ತು ಕಳೆಸಿದ್ದೂ ಅದಕ್ಕೇ, ಗಡಿಬಿಡಿಯಲ್ಲಿ ನಾನು ರುಚಿ ನೋಡದೆ ಕಳಿಸಲಿ ಎಂದು. ಎಲ್ಲವೂ ಒಂದಕ್ಕೊಂದು ಕೂಡಿಬಂತು.

"ದೊಡ್ಡಕ್ಕಾ, ನನ್ನ ಮಾತು ಸ್ವಲ್ಪ..."

"ಬಾಯಿ ಮುಚ್ಚು!"

ಅನುಮಾನದ ಅಡುಗೆ ಒಂದು ಗಳಿಗೆಯೂ ಇರಬಾರದು ಎಂಬುದು ನನ್ನ ಇನ್ನೊಂದು ಕಟ್ಟಳೆ. ಪಾತ್ರೆಯನ್ನು ಎಳೆದೊಯ್ದು ಮೋರಿಗೆ ಸುರಿದೆ. ಹಿತ್ತಲಿನವರು ಗಲಾಟೆ ಕೇಳಿ ಒಳಗೆ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿತ್ತು. ನಲವತ್ತು ಜನಕ್ಕೆ ಬ್ರೆಡ್ಡು, ಮೊಟ್ಟೆ ಹೊಂದಿಸಿ ಕಳಿಸಿದಾಗ ಮುಕ್ಕಾಲು ಗಂಟೆ ತಡವಾಗಿತ್ತು, ವಾರ್ಡಿನಿಂದ ಫೋನ್ ಮೇಲೆ ಫೋನ್ ಬಂದು ಸಾಹೇಬರೇ ಇಳಿದು ಬಂದರು. ನಾನು ಹೇಳಿದೆ. ಮೈದುನ ತಲೆಯಾಡಿಸಿದ. ಡಬ್ಬಿಯ ಗೀಟು ತೋರಿಸಿದೆ. "ನೀನೇನಮ್ಮ ಹೇಳ್ತೀಯ?" ಎಂದು ಅವಳನ್ನು ಕೇಳಿದರು. "ನಾನು ಹಾಕಿಲ್ಲ ಸಾರ್. ಅದು ಸಿಹಿ ಇರಲಿಲ್ಲ" ಎಂದಳು.

"ಇಬ್ಬರು ಸಿಹಿ ಅಂತಿದಾರೆ, ನೀನೊಬ್ಬಳು ಇಲ್ಲ ಅಂತೀಯ" ಎಂದರು ಸಾಹೇಬರು. "ನಾಳೆ ಸಂಜೆ ನಾಲ್ಕಕ್ಕೆ ನನ್ನ ರಿಪೋರ್ಟ್ ಮೇಲಕ್ಕೆ ಹೋಗುತ್ತೆ. ಅಲ್ಲೀವರೆಗೂ ಮನೇಲಿರು. ರೋಗಿಗಳ ಊಟಕ್ಕೆ ಕೈ ಹಾಕಿದವಳು ಅಂತ ಆಯ್ತು ಅಂದ್ರೆ, ಇಲ್ಲಿ ಮಾತ್ರ ಅಲ್ಲ, ಎಲ್ಲೂ ಅಡುಗೆ ಕೆಲಸ ಸಿಗಲ್ಲ, ನೆನಪಿಟ್ಕೋ."

ಅವಳು ಅಳಲಿಲ್ಲ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಕಂದು ಬೆರಳುಗಳನ್ನು ಸೀರೆಗೆ ಒರೆಸಿಕೊಂಡು ಹೊರಟುಹೋದಳು. ಕಳ್ಳಿಯಾದರೆ ಅಳುತ್ತಿದ್ದಳು, ನಿರಪರಾಧಿಯಾದರೂ ಅಳುತ್ತಿದ್ದಳು, ಇದೆಂಥ ಗಟ್ಟಿಗಿತ್ತಿ ಎಂದುಕೊಂಡೆ.

ಉಳಿದ ಮೊಗ್ಗುಗಳನ್ನು ಕಸದ ಗಾಡಿಗೆ ಹಾಕಿಸುವಂತೆ ಸಾಹೇಬರು ಹೇಳಿದ್ದರು. ಹಾಕಿಸಿದೆ, ಆದರೆ ಆರನ್ನು ಚೀಲಕ್ಕೆ ಇಳಿಸಿಕೊಂಡೆ. ಅವಳ ಕರಾಮತ್ತು ಅದರಲ್ಲೂ ಏನಾದರೂ ಇದ್ದರೆ ಬಯಲಿಗೆ ತರಬೇಕು ಎಂದು. ಮೂರು ಗಂಟೆಗೆ ಕೆಲಸ ಮುಗಿಸಿ ಮನೆಗೆ ಬಂದು, ಒಂದನ್ನು ಎಸಳು ಎಸಳಾಗಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಮ್ಮವರು ಪೇಪರಿನ ಮೇಲಿನಿಂದ ಇಣುಕಿ, "ಏನೇ ಅದು, ಟಿಕೆಟ್ ತಗೊಂಡಿಲ್ವಾ?" ಎಂದರು. ಸುಮ್ಮನಿರಿ ಎಂದು ಗದರಿದೆ. ಪುಡಿ ಇಲ್ಲ, ಏನೂ ಇಲ್ಲ. ಬೇಯಿಸಿದಾಗ ಏನಾದರೂ ಬಿಡುತ್ತದೋ ಎಂದು ಒಂದನ್ನು ಅವಳು ಮಾಡಿದ ಹಾಗೇ ಕತ್ತರಿಸಿ, ನಿಂಬೆ ಉಜ್ಜಿ, ಅರ್ಧ ಗಂಟೆ ಬೇಯಿಸಿದೆ. ತಿಂದೆ. ಬಾಯಿ ಒಣಗಿದ್ದರಿಂದ ಒಂದು ಲೋಟ ನೀರು ಕುಡಿದೆ.

ಲೋಟ ಕೈಯಲ್ಲೇ ನಿಂತಿತು. ನೀರು ಸಿಹಿ.

"ರೀ! ಬಿಂದಿಗೆಗೆ ಏನು ಹಾಕಿದ್ರಿ?"

"ಬಿಂದಿಗೆಗೆ ನೀರು ಹಾಕ್ತಾರೆ. ನಾನೂ ಅದನ್ನೇ ಹಾಕಿದೆ."

"ಸುಳ್ಳು ಹೇಳ್ಬೇಡಿ, ಸಕ್ಕರೆ ಹಾಕಿದೀರಾ!"

ಪಾಪ, ಎದ್ದು ಬಂದು ಕುಡಿದು ನೋಡಿದರು. ಬರೀ ನೀರು ಕಣೇ ಎಂದರು. ಇನ್ನೊಂದು ಮೊಗ್ಗನ್ನು ಬೇಯಿಸಿ ಅವರಿಗೆ ತಿನ್ನಿಸಿದೆ, ಅದೇ ಲೋಟ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದವರೇ, "ಇದೇನೇ ಇದು, ನೀರು ಶರಬತ್ತಾಗಿದೆ!" ಎಂದರು.

ನಂಬಲಾರದೆ, ಹೊತ್ತು ಬಿಟ್ಟು ಹೊತ್ತು ಬಿಟ್ಟು ಇನ್ನೂ ಎರಡು ಮೊಗ್ಗು ಬೇಯಿಸಿ ತಿಂದು ನೋಡಿದೆ, ನೀರು, ಹಾಲು, ಬರೀ ಬೇಳೆಕಟ್ಟು. ಎಲ್ಲವೂ ಸಿಹಿ, ಸ್ವಲ್ಪ ಹೊತ್ತಿಗೆ ಮತ್ತೆ ಎಂದಿನಂತೆ. ಆಗ ಡಬ್ಬಿಯ ಗೀಟೂ ನೆನಪಾಯಿತು. ಅವತ್ತು ಬೆಳಿಗ್ಗೆ ಬಾಣಂತಿಯರ ವಾರ್ಡಿನ ಪಾಯಸಕ್ಕೆ ಸಕ್ಕರೆ ತೆಗೆದವಳು ನಾನೇ. ಹೊಸ ಗೀಟು ಎಳೆಯುವುದನ್ನು ಮರೆತವಳೂ ನಾನೇ. ನಾನು ಬಾಯಿ ಮುಕ್ಕಳಿಸಿದ್ದರೆ ಆ ನೀರೇ ನನಗೆ ಎಲ್ಲವನ್ನೂ ಹೇಳುತ್ತಿತ್ತು. ನನ್ನ ಕೈಯಾರೆ ಒಂದು ಹೆಣ್ಣಿನ ಅನ್ನಕ್ಕೆ ಮಣ್ಣು ಹಾಕಿದ್ದೆ. ಆದರೂ ಒಂದು ಮುಳ್ಳು ಒಳಗೇ ಇತ್ತು. ಅವಳೂ ತಿಂದಿದ್ದಳಲ್ಲ, ಹಾಗಾದರೆ ಅವಳಿಗೇಕೆ ಸಿಹಿಯಾಗಲಿಲ್ಲ? ಅಷ್ಟಾದ ಮೇಲೂ ನನ್ನ ಬುದ್ಧಿ ನೋಡಿ.

ಉಳಿದಿದ್ದು ಒಂದೇ ಮೊಗ್ಗು. ಅದನ್ನು ಜೋಪಾನವಾಗಿ ಬೇಯಿಸಿ ಡಬ್ಬಿಗೆ ಹಾಕಿಕೊಂಡು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮೈದುನನನ್ನೂ ಎಳೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಒಂದು ಎಸಳು ತಿನ್ನಿಸಿ ಒಂದು ಲೋಟ ನೀರು ಕುಡಿಸಿದರೆ ಮುಗಿಯಿತು, ಎಲ್ಲರೂ ನಕ್ಕು ಅವಳನ್ನು ಕರೆಸುತ್ತಾರೆ, ನಾನೂ ಒಂದು ಮಾತು ಕ್ಷಮಿಸು ಎಂದರಾಯಿತು ಎಂದುಕೊಂಡಿದ್ದೆ. ಮೇಜಿನ ಮೇಲೆ ರಿಪೋರ್ಟ್ ಬರೆದು ಇಟ್ಟಿತ್ತು, ಸಹಿ ಮಾತ್ರ ಬಾಕಿ.

"ತರಕಾರಿ ತಿಂದ್ರೆ ನೀರು ಸಿಹಿಯಾಗುತ್ತೆ?" ಸಾಹೇಬರು ಕನ್ನಡಕ ತೆಗೆದರು. "ದೊಡ್ಡಕ್ಕಾ, ನನ್ನ ಕಿವಿಗೆ ಹೂವಿಡ್ತೀರಾ?"

"ನೀವೇ ನೋಡಿ ಸಾರ್."

ಎಸಳು ಎಳೆಯುವುದನ್ನು ತೋರಿಸಿದೆ. ಅನುಮಾನದಿಂದ ಶುರು ಮಾಡಿದರು, ಆಮೇಲೆ ನಿಲ್ಲಿಸಲಿಲ್ಲ. ತಿರುಳನ್ನೂ ತಿಂದರು, ತೊಟ್ಟನ್ನೂ ತಿಂದರು. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಲೋಟ ಎತ್ತಿ ಗಟಗಟ ಕುಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಚೆನ್ನಾಗಿದೆ" ಎಂದರು. "ನೀರು ನೀರಿನ ಹಾಗೇ ಇದೆ."

"ಸಾರ್, ಇನ್ನೊಂದು ಗುಟುಕು..."

ಇನ್ನೊಂದು ಗುಟುಕು ಕುಡಿದರು. ತಲೆ ಅಲ್ಲಾಡಿಸಿದರು. ಸುಳ್ಳು ಹೇಳುವ ಮುಖವಲ್ಲ ಅದು. ಮಕ್ಕಳ ಮುಖದ ಹಾಗೆ ಸ್ವಚ್ಛವಾಗಿತ್ತು. ಹೊಸಬಳ ಮುಖವೂ ಹೀಗೇ ಇತ್ತು ಎಂದು ಆಗ ನನಗೆ ಹೊಳೆಯಿತು. ಈ ಮೊಗ್ಗು ಕೆಲವರ ನಾಲಿಗೆಯನ್ನು ತಿರುಗಿಸುತ್ತದೆ, ಕೆಲವರದ್ದನ್ನು ಮುಟ್ಟುವುದೇ ಇಲ್ಲ. ಅವಳು ನಿಜವನ್ನೇ ಹೇಳಿದ್ದಳು. ನಾನೂ ನಿಜವನ್ನೇ ಹೇಳಿದ್ದೆ. ನಿಜದ ಮಾತಿಗೂ ಇಷ್ಟು ಕೆಟ್ಟ ಗತಿ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

"ಎಲ್ಲರಿಗೂ ಆಗಲ್ಲ ಸಾರ್, ಕೆಲವರಿಗೆ ಆಗುತ್ತೆ. ನಮ್ಮ ಮನೆಯವರನ್ನ ಕೇಳಿ, ಇವನನ್ನ ಕೇಳಿ" ಎಂದೆ.

"ನಿಮ್ಮ ಗಂಡ, ನಿಮ್ಮ ಮೈದುನ. ನಿನ್ನೆಯೂ ಇವನು ನೀವು ಹೇಳಿದ್ದಕ್ಕೆ ತಲೆಯಾಡಿಸಿದ, ಇವತ್ತೂ ಆಡಿಸ್ತಾನೆ." ಮೈದುನ ಆಗಲೇ ತಲೆಯಾಡಿಸುತ್ತಿದ್ದವನು ನಿಲ್ಲಿಸಿದ.

"ಆ ತೋಟದವರನ್ನ ಕೇಳಿ ಸಾರ್."

"ಕಾಯಿಲೆ ವಾಸಿಯಾಗಿ ಹೋದವರಿಗೆ ಫೋನ್ ಮಾಡಿ, ನಿಮ್ಮ ಮನೇಲಿ ನೀರು ಸಿಹಿ ಇದ್ಯಾ ಅಂತ ಕೇಳ್ಲಾ? ಅವಳ ಮೇಲೆ ಕನಿಕರ ಬಂದಿದೆ ನಿಮಗೆ, ಅದಕ್ಕೇ ಈ ಕಥೆ ಕಟ್ಟಿದೀರ. ನಂಗೆ ಅರ್ಥ ಆಗುತ್ತೆ." ಗಡಿಯಾರ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. "ನಾನು ನೇರ ಮನುಷ್ಯ ದೊಡ್ಡಕ್ಕಾ. ಎರಡರಲ್ಲಿ ಒಂದು ಹೇಳಿ. ಸೂಪಿಗೆ ಸಕ್ಕರೆ ಬಿದ್ದಿತ್ತಾ? ಬಿದ್ದಿದ್ರೆ ಈ ರಿಪೋರ್ಟ್ ಹೋಗುತ್ತೆ. ಬಿದ್ದಿರ್ಲಿಲ್ಲ ಅಂದ್ರೆ ನಿಮ್ಮ ನಾಲಿಗೆ ಕೆಟ್ಟಿದೆ ಅಂತ ಅರ್ಥ. ಆಗ ನಿಮ್ಮನ್ನ ಆ ಜಾಗದಲ್ಲಿ ಇಟ್ಕೊಳ್ಳೋಕಾಗಲ್ಲ."

ನನ್ನ ನಾಲಿಗೆ ಕೆಟ್ಟಿರಲಿಲ್ಲ. ಆ ಕಟ್ಟಡದಲ್ಲಿ ಅದರಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ಇನ್ನಷ್ಟು ಮೊಗ್ಗು ತರಿಸುತ್ತೇನೆ, ಇಡೀ ಆಸ್ಪತ್ರೆಗೆ ತಿನ್ನಿಸುತ್ತೇನೆ ಎಂದು ಜಗಳಕ್ಕೆ ನಿಲ್ಲಬೇಕೆನಿಸಿತು. ಆದರೆ ಪೆನ್ನು ಆಗಲೇ ಕಾಗದ ಮುಟ್ಟಿತ್ತು, ಒಮ್ಮೆ ಮೇಲಕ್ಕೆ ಹೋದ ಕಾಗದ ಕೆಳಗೆ ಬಂದದ್ದನ್ನು ನಾನು ನೋಡಿಲ್ಲ. ಕಾಲಿಗೆ ಪಟ್ಟಿ ಹಾಕಿಕೊಂಡು ಮಲಗಿದವನೂ, ಇವತ್ತು ಸಂಜೆಯವರೆಗೆ ಕಾಯುತ್ತಾ ಕೂತವಳೂ ಕಣ್ಣಿಗೆ ಕಟ್ಟಿದರು.

"ಸಕ್ಕರೆ ಬಿದ್ದಿರ್ಲಿಲ್ಲ ಸಾರ್" ಎಂದೆ. "ನನ್ನ ನಾಲಿಗೆ ಕೆಟ್ಟಿದೆ."

ಅವರು ನನ್ನನ್ನು ದಿಟ್ಟಿಸಿದರು. ಈ ಮಾತನ್ನೂ ನಂಬಲಿಲ್ಲ ಎಂದು ಕಾಣುತ್ತಿತ್ತು. "ನಿನ್ನೆ ಒಂದಿನ ಕೆಟ್ಟಿತಾ?"

ಇನ್ನು ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. "ಇಲ್ಲ ಸಾರ್. ಕೆಲವು ತಿಂಗಳಿಂದ ಹೀಗೆ. ಮುಚ್ಚಿಟ್ಟಿದ್ದೆ."

"ಅತ್ತಿಗೇ!" ಎಂದ ಮೈದುನ. ಅವನ ಕಾಲು ತುಳಿದೆ.

ಹೇಳಿದ್ದನ್ನೆಲ್ಲ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಹಳೆಯ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಇಷ್ಟು ವರ್ಷದ ಸೇವೆ ನೋಡಿ ಮನೆಗೆ ಕಳಿಸುತ್ತಿಲ್ಲ, ನಾಳೆಯಿಂದ ತರಕಾರಿ ಹೆಚ್ಚುವ ಕಡೆ ಕೂತುಕೊಳ್ಳಿ ಎಂದರು. ಹೊರಗೆ ಬಂದಾಗ ಮೈದುನನ ಕಣ್ಣಲ್ಲಿ ನೀರು. "ಸಿಹಿ ಇತ್ತಲ್ಲ ಅತ್ತಿಗೇ, ನಂಗೂ ಗೊತ್ತಲ್ಲ" ಎಂದ. "ಗೊತ್ತಿದ್ರೆ ಬಾಯಿಗೆ ಬೀಗ ಹಾಕ್ಕೋ. ಮತ್ತೆ ಕೆದಕಿದ್ರೆ ಅವಳ ಕುತ್ತಿಗೆಗೇ ಬರುತ್ತೆ" ಎಂದೆ. ಮೊದಲ ಸಲ ಅವನನ್ನು ನಂಬಬೇಕಾಯಿತು. ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹೊಸಬಳು ಬಂದಳು, ಕಾಯಂ ಆದ ಕಾಗದ ಕೈಯಲ್ಲಿತ್ತು. ನಾನು ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಕೂತು ಕ್ಯಾರೆಟ್ ಹೆಚ್ಚುತ್ತಿದ್ದೆ. ಅವಳು ಏಪ್ರನ್ ಕಟ್ಟಿಕೊಂಡಳು, ಬಾಯಿ ಮುಕ್ಕಳಿಸಿದಳು, ಪಾತ್ರೆಗಳ ರುಚಿ ನೋಡಿ ಗಾಡಿ ಕಳಿಸಿದಳು. ಅವಸರ ಮಾಡಲಿಲ್ಲ, ಒಂದು ಪಾತ್ರೆಯನ್ನೂ ಬಿಡಲಿಲ್ಲ. ಚೆನ್ನಾಗಿ ಮಾಡಿದಳು. ಕೆಲಸ ಮುಗಿದ ಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಬೆರಳ ಸಂದಿಯ ಕಂದು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಸಾಹೇಬರು ಹೇಳಿದ್ರು" ಎಂದಳು. "ತಿಂಗಳುಗಟ್ಟಲೆಯಿಂದ ನಿಮ್ಮ ನಾಲಿಗೆ ಕೆಟ್ಟಿತ್ತಂತೆ. ನಿಮಗೆ ಗೊತ್ತಿತ್ತಂತೆ."

ನಾನು ಚಾಕು ನಿಲ್ಲಿಸಿದೆ.

"ಗೊತ್ತಿದ್ದೂ ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದ್ರಾ ದೊಡ್ಡಕ್ಕಾ? ಆ ರಾತ್ರಿ ನಮ್ಮ ಮನೇಲಿ ಒಲೆ ಹಚ್ಚಲಿಲ್ಲ. ನಿಜ ಹೇಳಿ."

ಹೇಳಬಹುದಿತ್ತು. ಮೊಗ್ಗು, ನೀರು, ಬಿಂದಿಗೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಅವಳು ಎಷ್ಟು ಮೊಗ್ಗು ತಿಂದರೂ ಅವಳ ಬಾಯಿಗೆ ನೀರು ನೀರೇ. ಕೇಳಿಸಿಕೊಂಡು ಇನ್ನೊಂದು ಸುಳ್ಳು ಎಂದುಕೊಳ್ಳುತ್ತಿದ್ದಳು. ನಂಬಿದ್ದರೆ ಇನ್ನೂ ಕಷ್ಟ, ಸಾಹೇಬರ ಮುಂದೆ ಹೋಗಿ ದೊಡ್ಡಕ್ಕನ ನಾಲಿಗೆ ಸರಿ ಇದೆ ಎಂದುಬಿಡುವಂಥ ಹೆಣ್ಣು ಅವಳು. ಅಷ್ಟರ ಮಟ್ಟಿಗೆ ನಾನು ಅವಳನ್ನು ಆ ಹೊತ್ತಿಗೆ ನಂಬಿದ್ದೆ.

"ಹೌದಮ್ಮಾ" ಎಂದೆ. "ಗೊತ್ತಿತ್ತು."

ಏನೋ ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. ನಾನು ಹೆಚ್ಚಿಟ್ಟಿದ್ದ ಕ್ಯಾರೆಟ್ಟಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಒಂದೊಂದೇ ಹೋಳನ್ನು ಮಗುಚಿ ಮಗುಚಿ ನೋಡಿ, ಆಮೇಲೆ ಅದನ್ನು ಒಲೆಯ ಹತ್ತಿರ ತೆಗೆದುಕೊಂಡು ಹೋದಳು.